ನನ್ನ ಗುಣಗಾನ, ನನ್ನಿಂದಲೇ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತು ಅಮೆರಿಕದಲ್ಲಿ ಎಂಎಸ್ ಮಾಡುವ ಕನಸು ಕಾಣುವುದು ಸುಲಭ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಕನಸಿಗೆ ಬೇಕಾದಷ್ಟು ಪುರುಸೊತ್ತು. ಎಂಎಸ್ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆ 2023ರಿಂದ 1 ಗಂಟೆ 58 ನಿಮಿಷಕ್ಕೆ ಇಳಿದಿದೆ. ಮಳೆ ಬಂದ ಸಂಜೆ ನಾನು ಮನೆ ಸೇರುವಷ್ಟರಲ್ಲಿ ಅದನ್ನು ಬರೆದು, ಕಾಫಿಯನ್ನೂ ಕುಡಿದು ಮುಗಿಸಬಹುದು.

ನಾನು ಪೇಚಿಗೆ ಸಿಕ್ಕಿದ್ದು ಅರ್ಜಿಗೆ ಬೇಕಾದ ಶಿಫಾರಸು ಪತ್ರದಲ್ಲಿ. "ನೀನೇ ಬರ್ಕೊಂಡ್ ಬಾರಪ್ಪ, ನಾನು ಕಳಿಸ್ತೀನಿ" ಎಂದರು ಮ್ಯಾನೇಜರ್. ರಾತ್ರಿಯೆಲ್ಲ ಕೂತು ಬರೆದೆ: ಧೀಮಂತ, ದೂರದರ್ಶಿ, ಹುಟ್ಟು ನಾಯಕ. ಎರಡನೇ ಪ್ಯಾರಾಕ್ಕೆ ನಾಚಿಕೆಯಾಯಿತು. ನಾಲ್ಕನೆಯದಕ್ಕೆ ನಂಬಿಕೆಯೇ ಬಂತು. ಅಮ್ಮನಿಗೆ ಓದಿ ಹೇಳಿದರೆ, "ಯಾರೋ ಈ ಹುಡುಗ? ನಮ್ಮ ಕಡೆ ಹೆಣ್ಣಿದ್ದರೆ ಕೊಡಬಹುದು" ಅಂದಳು.

ಮ್ಯಾನೇಜರ್ ಎರಡು ಸಲ ಓದಿ ಕನ್ನಡಕ ತೆಗೆದರು. "ಇಂಥವನನ್ನ ಹೇಗಪ್ಪಾ ಬಿಟ್ಟುಕೊಡೋದು?"

ಮರುದಿನವೇ ಇನ್ನೊಂದು ಪ್ರಾಜೆಕ್ಟ್ ನನ್ನ ತಲೆಗೆ ಕಟ್ಟಿದರು.