ಮಾಗಡಿ ಸೀಮೆಯ ಇಂಗ್ಲಿಷ್ ಭೂತಕಾಲ: ಒಂದು ಕಿರು ಮೀಮಾಂಸೆ

ಇಂಗ್ಲಿಷಿನವರಿಗೆ ನಿನ್ನೆ ಎಂದರೆ ಮುಗಿದುಹೋದ ಕಥೆ. ಡಚ್ಚರಿಗೂ ಮಾಗಡಿಯವರಿಗೂ ಹಾಗಲ್ಲ. ಆದಕಾರಣ ನಮ್ಮ ಪ್ರತಿಜ್ಞೆ: ನಮ್ಮ ಮಾಗಡಿ ಸೀಮೆಯ ಕಲ್ಯ ಗ್ರಾಮದ ಹುಡುಗ ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಎಂದು ಬರೆದರೆ ತಪ್ಪು ಅವನದಲ್ಲ, ವ್ಯಾಕರಣದ್ದು.

ಪೂರ್ವಪಕ್ಷ: ‘ಯೆಸ್ಟರ್‌ಡೇ’ ಬಂದೊಡನೆ ‘ಹ್ಯಾವ್’ ಜಾಗ ಖಾಲಿ ಮಾಡಬೇಕೆಂದು ಇಂಗ್ಲಿಷ್ ವೈಯಾಕರಣರ ಮತ. ಡಚ್ಚಿನಲ್ಲಾದರೋ ‘ನಿನ್ನೆ’ಯ ಪಕ್ಕದಲ್ಲೇ ‘ಹ್ಯಾವ್’ನ ದಾಯಾದಿ ಆರಾಮವಾಗಿ ಕೂತಿರುತ್ತದೆ. ನಮ್ಮಲ್ಲೂ ‘ನಿನ್ನೇನೇ ನೋಡಿದ್ದೀನಿ’ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಕೆಂಪು ಶಾಯಿಯ ಮುಂದೆ ಇಬ್ಬರೂ ಸಹೋದರರು.

ಸಿದ್ಧಾಂತ: ಫಲ ಇಂದಿಗೂ ಉಳಿದಿದ್ದರೆ ‘ಹ್ಯಾವ್’ ಸಲ್ಲುತ್ತದೆಂದು ಅದೇ ವೈಯಾಕರಣರು ಒಪ್ಪುತ್ತಾರೆ. ಸರಿ, ಕಲ್ಯಕ್ಕೆ ಬನ್ನಿ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ, 1368ರಲ್ಲಿ, ವಿಜಯನಗರದ ಬುಕ್ಕರಾಯ ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ರಾಜಿ ಮಾಡಿಸಿದ. ಆ ತೀರ್ಪನ್ನು ಶ್ರವಣಬೆಳಗೊಳದಲ್ಲಿ ಕಲ್ಲಿಗೆ ಹಾಕಿದ್ದಾರೆ, ಕಲ್ಯದಲ್ಲೂ ಹಾಕಿದ್ದಾರೆ. ಸೂರ್ಯಚಂದ್ರರಿರುವ ತನಕ ಎಂಬ ಮಾತೂ ಅದರಲ್ಲುಂಟು. ಇಬ್ಬರೂ ಇನ್ನೂ ಇದ್ದಾರಷ್ಟೆ! ಒಂದೇ ತೀರ್ಪಿಗೆ ಇಸವಿಯೂ ಉಂಟು, ಫಲವೂ ಉಂಟು. ಈಗ ಬುಕ್ಕರಾಯನಿಗೆ ‘ಹ್ಯಾಸ್’ ಹಾಕಬೇಕೋ ಬೇಡವೋ? ಆಕ್ಸ್‌ಫರ್ಡಿನವರು ಕಲ್ಯಕ್ಕೆ ಬಂದು ಉತ್ತರಿಸಲಿ.

ಇನ್ನು ‘ಬಂದೆ’ ಪ್ರಕರಣ. ‘ಮಾಗಡಿಗೆ ಬಂದೇಬಿಟ್ಟೆ ಕಣಣ್ಣ’ ಎಂದು ಫೋನಿನಲ್ಲಿ ಕೂಗುವವನು ತಾವರೆಕೆರೆಯಲ್ಲಿ ಕಾಫಿ ಹೀರುತ್ತಿರುತ್ತಾನೆ. ರೂಪ ಭೂತ, ಅರ್ಥ ಭವಿಷ್ಯತ್ತು, ಮನುಷ್ಯ ಹೋಟೆಲಿನಲ್ಲಿ. ಹದಿಮೂರನೆಯ ಶತಮಾನದಲ್ಲೇ ಕಾಲಪ್ರತ್ಯಯಗಳನ್ನು ಹಂಚಿಕೊಟ್ಟ ಕನ್ನಡ ವೈಯಾಕರಣ ಕೇಶಿರಾಜನೂ ಇವನೆದುರು ಕೈಕಟ್ಟಿ ನಿಲ್ಲಬೇಕು.

‘ಐ ಡಿಡ್ ನಾಟ್ ವೆಂಟ್’ ಎಂಬುದಕ್ಕೆ ಮಾತ್ರ ನಮ್ಮ ವಕಾಲತ್ತಿಲ್ಲ. ‘ಹೋದೆ’ ಎನ್ನುವವರೇ ‘ಹೋಗಲಿಲ್ಲ’ ಎನ್ನುತ್ತೇವೆ, ‘ಹೋದಲಿಲ್ಲ’ ಎಂದವರುಂಟೆ? ಇಲ್ಲವೆನ್ನುವಾಗ ಧಾತುವಿಗೆ ಭೂತ ಹಚ್ಚಬಾರದೆಂಬುದು ನಮ್ಮ ಮನೆಯದೇ ಕಟ್ಟಳೆ. 2007ರಿಂದ ಸರ್ಕಾರಿ ಶಾಲೆಯ ಒಂದನೇ ಕ್ಲಾಸಿಗೇ ಇಂಗ್ಲಿಷ್ ಬಂದಿದೆ. ಈ ಒಂದು ‘ಹೋಗಲಿಲ್ಲ’ವನ್ನು ಬೋರ್ಡಿನ ಮೇಲೆ ಕನ್ನಡದಲ್ಲೇ ಬರೆದಿದ್ದರೆ ‘ಡಿಡ್ ನಾಟ್ ಗೋ’ ತಾನಾಗಿ ಬರುತ್ತಿತ್ತು. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡವೇ ಎಂದು ಮೇಷ್ಟ್ರು ಮಡಿಯಲ್ಲಿದ್ದರೆ ಏನು ಮಾಡುವುದು?

ಕಡೆಗೆ ಮೌಲ್ಯಮಾಪಕರಲ್ಲಿ ಅರಿಕೆ. ‘ಡಿಡ್ ನಾಟ್ ವೆಂಟ್’ಗೆ ಸೊನ್ನೆ ಹಾಕಿ, ತಕರಾರಿಲ್ಲ. ‘ಹ್ಯಾವ್ ಸೀನ್ ಯೆಸ್ಟರ್‌ಡೇ’ಗೆ ಅರ್ಧ ಅಂಕ ಕೊಡಿ. ಕೊಡುವ ಮೊದಲೇ ‘ಕೊಟ್ಟೆ’ ಎಂದರೂ ಮಾಗಡಿಯಲ್ಲಿ ನಡೆಯುತ್ತದೆ.