ಸಂಬಳವಿಲ್ಲದ ಸೇನಾಪತಿಗಳು

ಇಟಲಿಯ ಸೈನಿಕರಿಗೆ ಮರುಭೂಮಿಯಲ್ಲಿ ಎಲ್ಲರಿಗೂ ಕೊಡುವ ನೀರಿನ ಮೇಲೆ ಇನ್ನೊಂದು ಪಾಲು ಹೆಚ್ಚಿಗೆ ಕೊಡಬೇಕು. ಯಾಕೆ? ಪಾಸ್ತಾ ಬೇಯಿಸಿಕೊಳ್ಳುವುದಕ್ಕೆ. ಕೊಡದಿದ್ದರೆ ಬೆಟಾಲಿಯನ್ನಿಗೆ ಬೆಟಾಲಿಯನ್ನೇ ಮುನಿಸಿಕೊಂಡು, ಅಳತೆ ಮೀರಿ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಇದು ಮುಸ್ಸೊಲಿನಿ ಹೊರಡಿಸಿದ ಆಜ್ಞೆ ಎಂದುಕೊಂಡಿರಾ? ಅಲ್ಲ. 1979ರಲ್ಲಿ ನ್ಯೂಯಾರ್ಕಿನ ಎಸ್‌ಪಿಐ ಎಂಬ ಕಂಪನಿ ಹೊರತಂದ ‘ದಿ ಕ್ಯಾಂಪೇನ್ ಫಾರ್ ನಾರ್ತ್ ಆಫ್ರಿಕಾ’ ಎಂಬ ಆಟದ ನಿಯಮ. ಹೌದು ಸ್ವಾಮಿ, ಆಟವೇ. ಮೇಜಿನ ಮೇಲೆ ನಕ್ಷೆ ಹರಡಿ, ರಟ್ಟಿನ ಬಿಲ್ಲೆ ಸರಿಸಿ, ದಾಳ ಉರುಳಿಸಿ ಆಡುವಂಥದ್ದು.

ಎರಡನೇ ಮಹಾಯುದ್ಧದ ಉತ್ತರ ಆಫ್ರಿಕಾ ರಂಗ ಅದರ ವಸ್ತು. ಬಿಲ್ಲೆಗಳು 1,600ರ ಆಸುಪಾಸು. ಆಡಲು ಒಂದೊಂದು ಕಡೆಗೆ ಐವರಂತೆ ಹತ್ತು ಜನ ಬೇಕು. ಮುಗಿಸಲು ಸಾವಿರ ಗಂಟೆಗೆ ಕಡಿಮೆಯಿಲ್ಲ, ಒಂದೂವರೆ ಸಾವಿರ ಎನ್ನುವವರೂ ಉಂಟು. ವಾರಕ್ಕೊಮ್ಮೆ ಸೇರಿ ನಾಲ್ಕು ಗಂಟೆ ಆಡಿದರೂ ಐದು ವರ್ಷಕ್ಕೆ ಮೋಸವಿಲ್ಲ. ನಿಜವಾದ ಯುದ್ಧ 1940ರ ಜೂನ್‌ನಲ್ಲಿ ಶುರುವಾಗಿ 1943ರ ಮೇ ಹೊತ್ತಿಗೆ ಮುಗಿದೇ ಹೋಗಿತ್ತು. ಪಾಪ, ಅಲ್ಲಿ ಕಾದಿದ ಸೇನಾಪತಿಗಳು ರೊಮೆಲ್, ಮಾಂಟ್ಗೊಮರಿ ಎಲ್ಲ ಅವಸರದ ಜನ!

ಹತ್ತು ಜನರಲ್ಲಿ ಇಬ್ಬರಿಗೆ, ಕಡೆಗೊಬ್ಬರಂತೆ, ಸರಬರಾಜಿನ ಖಾತೆ. ಅವರು ಗುಂಡು ಹಾರಿಸುವುದಿಲ್ಲ, ಲೆಕ್ಕ ಬರೆಯುತ್ತಾರೆ. ಪ್ರತಿ ಸುತ್ತಿಗೂ ನೂರಕ್ಕೆ ಮೂರು ಪಾಲು ಪೆಟ್ರೋಲು ಆವಿಯಾಯಿತೆಂದು ಕಳೆಯಬೇಕು. ಬ್ರಿಟಿಷರಿಗಾದರೆ ಏಳು ಪಾಲು, ಏಕೆಂದರೆ ಅವರ ಡಬ್ಬಗಳು ಸೋರುತ್ತಿದ್ದವಂತೆ. ವಾರವೆಲ್ಲ ಕಚೇರಿಯಲ್ಲಿ ಬಾಕಿ-ಜಮೆ ನೋಡಿ ಕಣ್ಣು ಬತ್ತಿಸಿಕೊಂಡ ಮನುಷ್ಯ, ಭಾನುವಾರ ಕೂತು ಇಲ್ಲದ ಲಾರಿಯೊಳಗಿನ ಇಲ್ಲದ ಪೆಟ್ರೋಲು ಎಷ್ಟು ಹಾರಿಹೋಯಿತೆಂದು ಗುಣಿಸುತ್ತಾನೆ. ಅದೂ ಸ್ವಂತ ಪೆನ್ಸಿಲಿನಲ್ಲಿ! ಆಟ ಕಟ್ಟಿದ ರಿಚರ್ಡ್ ಬರ್ಗ್ ಎಷ್ಟೋ ವರ್ಷದ ಮೇಲೆ, ಪಾಸ್ತಾ ನಿಯಮ ಬರೀ ತಮಾಷೆಗೆ ಬರೆದದ್ದು ಎಂದುಬಿಟ್ಟ. ತಮಾಷೆಯಾದರೇನು, ನಿಯಮ ನಿಯಮವೇ ಎಂದು ನೀರು ಹಂಚಿದವರು ಹಂಚಿದರು.

ಇಂಥವರ ಮನೆಯವರನ್ನು ಕೇಳಿ ನೋಡಿ, ‘ದುಡ್ಡು ಕೊಟ್ಟು ತಲೆನೋವು ತರುತ್ತಾರೆ’ ಎನ್ನುತ್ತಾರೆ. ಮಾತು ನಿಜ. ಆದರೆ ಯಾಕೆ ತರುತ್ತಾರೆ ಎಂದರೆ ಅವರ ಬಳಿಯೂ ಉತ್ತರವಿಲ್ಲ.

ರಕ್ತದಾಹವೇ? ಛೆ. ಮನೆಯಂಗಳದಲ್ಲಿ ಆಟಿಕೆ ಸಿಪಾಯಿಗಳನ್ನು ನಿಲ್ಲಿಸಿ, ಸ್ಪ್ರಿಂಗ್ ತೋಪಿನಿಂದ ಹೊಡೆದುರುಳಿಸುವ ಆಟಕ್ಕೆ ನಿಯಮ ಕಟ್ಟಿ ‘ಲಿಟಲ್ ವಾರ್ಸ್’ ಎಂದು 1913ರಲ್ಲಿ ಪುಸ್ತಕ ಬರೆದವರು ಎಚ್.ಜಿ. ವೆಲ್ಸ್. ಆ ಪುಸ್ತಕದಲ್ಲೇ ಅವರು, ಈ ಪುಟ್ಟ ಯುದ್ಧ ಆಡಿದವನಿಗೆ ದೊಡ್ಡ ಯುದ್ಧ ಎಂಥ ಎಡವಟ್ಟು ಎಂಬುದು ತಾನಾಗಿ ತಿಳಿಯುತ್ತದೆ ಎಂದು ವಾದಿಸಿದ್ದರು. ಮರುವರ್ಷವೇ ಯುರೋಪಿನ ದೊಡ್ಡವರು ದೊಡ್ಡದನ್ನೇ ಆಡಲು ಹೊರಟರು. ಅಂಗಳದಲ್ಲಿ ಆಡಿದವರಿಂದ ಲೋಕಕ್ಕೆ ಕೇಡಾಗಲಿಲ್ಲ.

ಗೆಲ್ಲುವ ಚಪಲವೇ? ಗೆಲ್ಲಲು ಇಷ್ಟು ಸುತ್ತಿ ಬಳಸುವ ದಾರಿ ಯಾರಿಗೆ ಬೇಕು? ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಬೇರೂರಿರುವ ಗೇಮ್ಸ್ ವರ್ಕ್‌ಶಾಪ್ ಕಂಪನಿಯ ‘ವಾರ್‌ಹ್ಯಾಮರ್’ ಬಳಗವನ್ನೇ ನೋಡಿ. ಪೆಟ್ಟಿಗೆಯಲ್ಲಿ ಬರುವುದು ಸೈನಿಕರಲ್ಲ, ಸೈನಿಕರ ಕೈಕಾಲು. ಪ್ಲಾಸ್ಟಿಕ್ ಚೌಕಟ್ಟಿನಿಂದ ಒಂದೊಂದನ್ನೇ ಕತ್ತರಿಸಿ, ಉಜ್ಜಿ, ಅಂಟಿಸಿ, ಪ್ರೈಮರ್ ಹೊಡೆದು, ಬಣ್ಣ ಬಳಿದು, ಸಂದುಗಳಿಗೆ ತೆಳ್ಳಗಿನ ಕಪ್ಪು ಹರಿಸಿ, ಅಂಚಿಗೆ ತಿಳಿ ಬಣ್ಣ ಎಳೆದು, ಬೆರಳುದ್ದದ ಆಸಾಮಿಯ ಕಣ್ಣಿಗೆ ಪಾಪೆ ಇಡುವ ಹೊತ್ತಿಗೆ ಬರೆಯುವವನ ಕಣ್ಣಿನ ಪಾಪೆ ಮಂಜಾಗಿರುತ್ತದೆ. ತಿಂಗಳುಗಟ್ಟಲೆ ಹೀಗೆ ಸಾಕಿದ ಪಡೆ ಮೊದಲ ಸುತ್ತಿನಲ್ಲೇ, ಎದುರಾಳಿಯ ದಾಳಕ್ಕೆ ಆರು ಬಿದ್ದಿತೆಂದು, ಗುಂಪಾಗಿ ಮೇಜಿನಿಂದಾಚೆಗೆ ಹೋಗುತ್ತದೆ. ಗೆಲುವೇ ಬೇಕಿದ್ದವನು ಅಂದೇ ಕೇರಂ ಬೋರ್ಡು ಕೊಳ್ಳುತ್ತಿದ್ದ.

ಇನ್ನು ದುಡ್ಡು. ಒಂದು ಪೂರಾ ಸೈನ್ಯಕ್ಕೆ ನೂರಾರು ಪೌಂಡು. ಟೈಟಾನ್ ಎಂಬ ದೈತ್ಯಯಂತ್ರಗಳಲ್ಲಿ ದೊಡ್ಡದೊಂದಕ್ಕೆ ಸಾವಿರ ಪೌಂಡೂ ಸಾಲದು. ನಮ್ಮ ದಸರೆಯ ಬೊಂಬೆಗಳಾದರೂ ಒಂಬತ್ತು ದಿನ ಕೂತು, ಹತ್ತನೆಯ ದಿನ ಮರ್ಯಾದೆಯಿಂದ ಪೆಟ್ಟಿಗೆ ಸೇರುತ್ತವೆ. ಈ ಬೊಂಬೆಗಳು ವರ್ಷವಿಡೀ ಇಳಿಯುವುದಿಲ್ಲ, ಅವುಗಳ ಹಿಂದೆ ಹೊಸಬರು ಬೇರೆ. ಕೊಂಡು ಬಣ್ಣ ಕಾಣದ ಪೆಟ್ಟಿಗೆಗಳ ಗುಡ್ಡೆಗೆ ‘ಪೈಲ್ ಆಫ್ ಶೇಮ್’ ಎಂದು ಅವರೇ ಹೆಸರಿಟ್ಟಿದ್ದಾರೆ, ನಾಚಿಕೆ ಮಾತ್ರ ಯಾರಿಗೂ ಇಲ್ಲ. ‘ವಾರ್‌ಹ್ಯಾಮರ್ 40,000’ಕ್ಕೆ 2014, 2017, 2020, 2023 ಎಂದು ಮೂರು ವರ್ಷಕ್ಕೊಮ್ಮೆ ಹೊಸ ನಿಯಮಾವಳಿ ಬಂದಿದೆ. ಬಂದಾಗಲೆಲ್ಲ ಇವರು ಶಾಪ ಹಾಕುತ್ತಾರೆ, ಹಾಕುತ್ತಲೇ ಸಾಲಿನಲ್ಲಿ ನಿಲ್ಲುತ್ತಾರೆ. 2024ರ ಡಿಸೆಂಬರಿನಲ್ಲಿ ಆ ಕಂಪನಿ ಲಂಡನ್ ಷೇರುಪೇಟೆಯ ದೊಡ್ಡ ನೂರರ ಪಟ್ಟಿಗೇ ಏರಿತು. ಬೈಗುಳಕ್ಕೆ ಅಷ್ಟು ಶಕ್ತಿ ಇದೆ.

ಹಾಗಾದರೆ ಗುಟ್ಟೇನು? ಅದಕ್ಕೆ ಹಳೆಯ ಜರ್ಮನ್ ರಾಜ್ಯವಾದ ಪ್ರಶ್ಯಕ್ಕೆ ಹೋಗಬೇಕು, ದಾರಿಯಲ್ಲಿ ನಮ್ಮ ಮನೆಯನ್ನೂ ಹಾದು. ನಮ್ಮ ಚತುರಂಗ ಪರ್ಷಿಯಾ, ಅರಬ್ ನಾಡು ದಾಟಿ ಯುರೋಪಿನಲ್ಲಿ ಚೆಸ್ ಆಯಿತಷ್ಟೆ. 1780ರಲ್ಲಿ ಬ್ರನ್ಸ್‌ವಿಕ್‌ನ ಹೆಲ್‌ವಿಗ್ ಎಂಬ ಪಂಡಿತನಿಗೆ ಅದರ 64 ಮನೆ ಸಾಲದೆ, ಮನೆಗಳನ್ನು ಸಾವಿರದಾಚೆಗೆ ಬೆಳೆಸಿ ಯುದ್ಧದ ಆಟ ಮಾಡಿದ. 1812ರಲ್ಲಿ ರೈಸ್‌ವಿಟ್ಸ್ ಎಂಬಾತ ಪ್ರಶ್ಯದ ದೊರೆಗೆ ಪಿಂಗಾಣಿಯ ಬೆಟ್ಟ, ಹೊಳೆಗಳಿರುವ ಮೇಜನ್ನೇ ಮಾಡಿಕೊಟ್ಟ. (ದುಬಾರಿ ಎಂಬ ದೂರು ಈಗಿನದಲ್ಲ ನೋಡಿ.) ಅವನ ಮಗ 1824ರಲ್ಲಿ ನಕ್ಷೆ, ದಾಳ, ಸಾವುನೋವಿನ ಕೋಷ್ಟಕ ಎಲ್ಲ ಸೇರಿಸಿ ‘ಕ್ರೀಗ್‌ಸ್ಪೀಲ್’ ಕಟ್ಟಿದ. ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್ ಮೊದಲು ಮೂಗು ಮುರಿದು, ನೋಡುತ್ತ ನೋಡುತ್ತ ಮರುಳಾಗಿ, ಇದು ಆಟವಲ್ಲ, ತರಬೇತಿ ಎಂದು ಇಡೀ ಸೈನ್ಯಕ್ಕೆ ಶಿಫಾರಸು ಮಾಡಿದ.

ಅಲ್ಲಿಂದ ಮುಂದಿನದೇ ಸ್ವಾರಸ್ಯ. ತರಬೇತಿ ಎಂದಮೇಲೆ ಅಧಿಕಾರಿಗಳು ಆಡಲೇಬೇಕು. ಕೋಷ್ಟಕ ನೋಡಿ ನೋಡಿ ಅವರಿಗೆ ಸಾಕಾಯಿತು. 1870ರ ದಶಕದಲ್ಲಿ ಮೆಕೆಲ್ ಎಂಬ ಅಧಿಕಾರಿ ಈ ನಿಯಮಗಳ ಭಾರ ಯಾರು ಹೊರುತ್ತಾರೆ ಎಂದು ತಕರಾರು ತೆಗೆದ. 1876ರಲ್ಲಿ ವೆರ್ಡಿ ದು ವೆರ್ನುವಾ ಇನ್ನೂ ಮುಂದೆ ಹೋಗಿ ಪುಸ್ತಕವನ್ನೇ ಪಕ್ಕಕ್ಕೆ ತಳ್ಳಿದ: ಅನುಭವಸ್ಥ ತೀರ್ಪುಗಾರ ಹೇಳಿದ್ದೇ ಫಲಿತಾಂಶ, ಮುಗಿಯಿತು! ಯುದ್ಧವೇ ಕಸುಬಾದವರು ಆಟವನ್ನು ಹೀಗೆ ಸಲೀಸು ಮಾಡಿಕೊಂಡರೆ, ಯುದ್ಧದ ಹೊಗೆಯನ್ನೂ ಮೂಸದ ಗುಮಾಸ್ತರು, ಮೇಷ್ಟ್ರುಗಳು, ಎಂಜಿನಿಯರುಗಳು ಕೈಯಿಂದ ದುಡ್ಡು ಹಾಕಿ ಅದಕ್ಕೆ ಪಾಸ್ತಾದ ನೀರಿನವರೆಗೆ ನಿಯಮ ಪೋಣಿಸಿದರು. ಸಂಬಳಕ್ಕೆ ಮಾಡುವವನು ಸುಲಭದ ದಾರಿ ಹುಡುಕುತ್ತಾನೆ. ಪ್ರೀತಿಗೆ ಮಾಡುವವನಿಗೆ ದಾರಿ ಸುಲಭವಾದರೆ ಸಿಟ್ಟು ಬರುತ್ತದೆ.

ಸಿಟ್ಟು ಬಂದದ್ದಕ್ಕೆ ಪುರಾವೆಯೂ ಇದೆ. 2015ರಲ್ಲಿ ಗೇಮ್ಸ್ ವರ್ಕ್‌ಶಾಪ್ ತನ್ನ ಹಳೆಯ, ನಿಯಮಗಳ ಭಾರಕ್ಕೆ ಜೋತುಬಿದ್ದ ಕತ್ತಿ-ಗುರಾಣಿಯ ಆಟವನ್ನು ಮುಗಿಸಿ, ‘ಏಜ್ ಆಫ್ ಸಿಗ್ಮಾರ್’ ತಂದಿತು. ನಿಯಮ ನಾಲ್ಕೇ ಪುಟ, ಅದೂ ಪುಕ್ಕಟೆ. ಪಡೆಗಳನ್ನು ತೂಗಿ ನೋಡುವ ಪಾಯಿಂಟಿನ ಲೆಕ್ಕವೂ ಇಲ್ಲ. ಒಬ್ಬ ಸರದಾರನ ಬಾಬತ್ತಿನಲ್ಲಂತೂ, ಎದುರಾಳಿಗಿಂತ ನಿಮ್ಮ ಮೀಸೆ ಭರ್ಜರಿಯಾಗಿದ್ದರೆ ತಪ್ಪಿದ ದಾಳವನ್ನು ಮತ್ತೆ ಹಾಕಬಹುದು ಎಂಬ ಸವಲತ್ತು! ಸುಲಭ, ಅಗ್ಗ, ನಗುವಿಗೂ ಜಾಗ, ಭಕ್ತರು ಕುಣಿದಾಡಬೇಕಿತ್ತು. ಬದಲಿಗೆ ಗೋಳೋ ಎಂದರು. ಒಬ್ಬ ಪುಣ್ಯಾತ್ಮ ತನ್ನ ಹಳೆಯ ಸೈನ್ಯಕ್ಕೆ ಬೆಂಕಿಯಿಟ್ಟು ವಿಡಿಯೊ ಮಾಡಿ ಲೋಕಕ್ಕೆ ತೋರಿಸಿದ. ಮರುವರ್ಷವೇ ಪಾಯಿಂಟಿನ ಲೆಕ್ಕ ದುಡ್ಡು ಕೊಟ್ಟು ಕೊಳ್ಳುವ ಪುಸ್ತಕವಾಗಿ ವಾಪಸು ಬಂತು, ಜನ ನೆಮ್ಮದಿಯ ಉಸಿರು ಬಿಟ್ಟರು. ಕೊನೆಗೆ 2024ರಲ್ಲಿ ಮುಗಿದುಹೋಗಿದ್ದ ಹಳೆಯ ಲೋಕವೂ ‘ದಿ ಓಲ್ಡ್ ವರ್ಲ್ಡ್’ ಎಂಬ ಹೆಸರಲ್ಲಿ ಎದ್ದು ಕೂತಿತು.

ಇದು ಬಿಳಿಯರ ಹುಚ್ಚು ಎಂದು ಬೀಗಬೇಡಿ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳ ಆಟವನ್ನು ಎಷ್ಟರ ಮಟ್ಟಿಗೆ ಬೆಳೆಸಿದರೆಂದರೆ, ‘ಛದ’ ಎಂಬ ಅವರ ಆಟಗಳಲ್ಲಿ ಮುನ್ನೂರಕ್ಕೂ ಮಿಕ್ಕಿದ ಎಲೆಗಳವೂ ಇದ್ದವು. ಇಸ್ಪೀಟಿನ 52ಕ್ಕೇ ನಮ್ಮ ಕೈ ಸೋಲುತ್ತದೆ. 1831ರಲ್ಲಿ ಅವರ ಆಡಳಿತವನ್ನು ಬ್ರಿಟಿಷರು ಕಿತ್ತುಕೊಂಡು ತಮ್ಮ ಕಮಿಷನರುಗಳ ಕೈಗೆ ಕೊಟ್ಟಿದ್ದರು. ಆ ಕಮಿಷನರುಗಳ ಸಂಬಳದ ಕೆಲಸ ಹೇಗೆ ನಡೆಯಿತೋ, ಅರಮನೆಯ ಎಲೆಗಳ ಲೆಕ್ಕವಂತೂ ತಪ್ಪಿರಲಾರದು.

ಕಷ್ಟದಲ್ಲಿ ಇನ್ನೊಂದು ಲಾಭವಿದೆ. ಸುಲಭದ ಆಟ ಪುಸ್ತಕ ನೋಡಿ ಬರುತ್ತದೆ, ಕಷ್ಟದ್ದಕ್ಕೆ ಗುರು ಬೇಕು. 1985ರ ‘ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರ್’ ಆಟದ ನಿಯಮಪುಸ್ತಕ ಬಿಡಿ ಹಾಳೆಗಳ ಕಡತ. ತಿದ್ದುಪಡಿ ಬಂದಾಗ ಹಳೆಯ ಹಾಳೆ ತೆಗೆದು ಹೊಸದು ಸಿಕ್ಕಿಸುತ್ತಾರೆ, ತಾಲ್ಲೂಕು ಕಚೇರಿಯಲ್ಲೂ ಅಷ್ಟು ಅಚ್ಚುಕಟ್ಟಿಲ್ಲ. ಅದನ್ನು ಬಲ್ಲವರು ಊರಿಗೆ ನಾಲ್ವರಿದ್ದರೆ ಹೆಚ್ಚು. ಹಾಗಾಗಿ ಅವರಲ್ಲೊಬ್ಬ ಶನಿವಾರ ತಪ್ಪಿಸಿದರೆ ಮೂವರು ಫೋನ್ ಮಾಡುತ್ತಾರೆ. ಕಚೇರಿಯಲ್ಲಿ ಅವನು ವಾರ ರಜೆ ಹಾಕಿದರೂ ಕೇಳುವವರಿಲ್ಲ. ಇಲ್ಲಿ ಅವನಿಲ್ಲದೆ ಮೇಜಿನ ಮೇಲಿನ ಸ್ಟಾಲಿನ್‌ಗ್ರಾಡ್ ಬೀಳುವುದೂ ಇಲ್ಲ, ಉಳಿಯುವುದೂ ಇಲ್ಲ. ಐವತ್ತರ ಮೇಲೆ ಇಂಥ ಅಗತ್ಯದ ಮನುಷ್ಯನಾಗಲು ಎಷ್ಟು ಪೌಂಡ್ ಕೊಟ್ಟರೂ ಅಗ್ಗವೇ.

ಆದ್ದರಿಂದ ಮನೆಯಲ್ಲಿ ಇಂಥವರನ್ನು ಕಟ್ಟಿಕೊಂಡ ತಾಯಂದಿರೇ, ಬೈದು, ಪೆಟ್ಟಿಗೆ ಬಚ್ಚಿಟ್ಟು ಬಿಡಿಸುವ ಪ್ರಯತ್ನ ಬೇಡ. ಕಷ್ಟ ಹೆಚ್ಚಿದಷ್ಟೂ ಅವರ ಭಕ್ತಿ ಹೆಚ್ಚುತ್ತದೆ. ಬಿಡಿಸಲೇಬೇಕೆಂದರೆ ಪ್ರಶ್ಯದ ಉಪಾಯ ಮಾಡಿ: ಆಟಕ್ಕೊಂದು ಹಾಜರಿ ಪುಸ್ತಕ ಇಡಿ, ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಮೇಜಿನ ಮುಂದೆ ಕೂರಿಸಿ, ಪ್ರತಿ ಸೋಮವಾರ ಪೆಟ್ರೋಲಿನ ಲೆಕ್ಕವನ್ನು ಮೂರು ಪ್ರತಿಗಳಲ್ಲಿ ಕೇಳಿ, ತಿಂಗಳ ಕೊನೆಗೆ ಕೈಯಲ್ಲಿ ಸಂಬಳ ಇಡಿ. ಎರಡನೇ ತಿಂಗಳಿಗೆ ನಿಯಮ ನಾಲ್ಕು ಪುಟಕ್ಕೆ ಇಳಿದಿರುತ್ತದೆ, ಮೂರನೆಯದರಲ್ಲಿ ಕಾಯಿಲೆ ರಜೆಯ ಅರ್ಜಿ ಬರುತ್ತದೆ.