ಇನ್ನೊಂದಾರ ತಿಂಗಳ ಇರ್ರಲ್ಲ!

ಖರೇ ಹೇಳ್ರಿ, ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ. ಡಲ್ಲಾಸಿನ್ಯಾಗ ಮಗನ ಮನೀಗೆ ಬಂದು ನಿಮಗ ಐದ ತಿಂಗಳಾಗ್ತ ಬಂತು. ದಿನಾ ಮುಂಜಾನೆ ಎದ್ದು "ಸಾಕಪಾ ಸಾಕು, ಯಾವಾಗ ಬೈಲಹೊಂಗಲ ಕಂಡೇನೋ" ಅಂತ ನಿಟ್ಟುಸಿರು ಬಿಡ್ತೀರಿ. ಮೊನ್ನೆ ಸಂಜೀಮುಂದ ಮಗ ಲ್ಯಾಪ್‌ಟಾಪ್ ತಗದು "ಅಪ್ಪಾ, ಸ್ಟೇ ಎಕ್ಸ್‌ಟೆಂಡ್ ಮಾಡಸೂಣೇನು?" ಅಂದಾಗ ಯಾಕ ಗಪ್ ಆದ್ರಿ?

ಗಪ್ ಆಗಿ, ಒಂದೀಟ ಕೆಮ್ಮಿ, "ನೋಡಪಾ, ನಿನ್ನ ಖುಷಿ" ಅಂದ್ರಿ. (ಒಲ್ಲೆ ಅನ್ನೂ ಮನಶ್ಯಾ ಕೆಮ್ಮೂದಿಲ್ಲ, ನಮಗೂ ತಿಳೀತೈತಿ.) ಮರುದಿನ ಊರಿಗೆ ಫೋನ್ ಹಚ್ಚಿ, "ಏನ್ ಮಾಡೂದ್ರಿ ಸಾವಕಾರ್ರ, ಮಗ ಬಿಡವಲ್ಲ" ಅಂತ ಸುದ್ದಿ ಮುಟ್ಟಿಸಿದ್ರಿ. ಅರ್ಜಿ ಇನ್ನೂ ತುಂಬಿಲ್ಲ, ಅಷ್ಟರಾಗ ಇಡೀ ಬಜಾರಕ್ಕ ಗೊತ್ತಾತು.

ತಪ್ಪ ನಿಮ್ಮದಲ್ಲ ಬಿಡ್ರಿ, ನಾವು ಬೆಳದದ್ದ ಹಂಗ. ರಾಮದುರ್ಗದ ಬೀಗರ ಮನೀಗೆ ಎರಡ ದಿನಕ್ಕಂತ ಹೋದವ್ರು ಎರಡ ದಿನಕ್ಕ ಹೊಳ್ಳಿ ಬಂದದ್ದನ್ನ ಯಾವಾಗರೆ ನೋಡೀರೇನು? ಚೀಲ ಹೆಗಲಿಗೆ ಏರಸೂದ ತಡ, "ಇವತ್ತ ಮಂಗಳವಾರ, ಮನೀ ಮಗಳನ್ನ ಹೆಂಗ ಕಳಸೂದು?" ಬುಧವಾರ ಅಂದ್ರ ಅಮಾಸಿ. ಅಮಾಸಿ ಮುಗೀತಂದ್ರ ಪಾಡ್ಯ. ಪಾಡ್ಯ ದಾಟಿತು ಅನ್ನೂದರಾಗ ಹೋಳಿಗಿಗಂತ ಕಡ್ಲಿಬ್ಯಾಳಿ ಒಲಿ ಮ್ಯಾಲೆ ಕುದ್ಯಾಕತ್ತಿರ್ತೈತಿ.

ಸವದತ್ತಿ ಮಂದಿ ಒಂದ ಹೆಜ್ಜಿ ಮುಂದ. ಜನವರಿಯೊಳಗ ಬನದ ಹುಣ್ಣಿಮಿಗೆ ಎಲ್ಲಮ್ಮನ ಗುಡ್ಡಕ್ಕ ಬಂದ ಸಂಬಂಧಿಕರಿಗೆ "ಹೆಂಗೂ ಬಂದೀರಿ, ಭಾರತ ಹುಣ್ಣಿಮಿ ಮುಗಿಸ್ಕೊಂಡ ಹೋಗ್ರಲ್ಲ" ಅಂತಾರ. ಹುಣ್ಣಿಮಿಯಿಂದ ಹುಣ್ಣಿಮಿಗೆ ಒಂದ ತಿಂಗಳು! ಅರ್ಜಿ ಇಲ್ಲ, ಫೀ ಇಲ್ಲ, ಕಾರಣ ಕೇಳೂದಿಲ್ಲ. ಮಂಜೂರ ಮಾಡೂದು ಮನೀ ಮಂದಿ. ಒಲ್ಲೆ ಅನ್ನೂ ಹಕ್ಕ ಬಂದವರಿಗಿಲ್ಲ.

ಕಿತ್ತೂರಿನ್ಯಾಗಂತೂ ಇಂಗ್ರೇಜಿ ಮಂದಿಗೇ ಈ ಉಪಚಾರ ಆಗೇತಿ. 1824ರ ಅಕ್ಟೋಬರ್ 23ಕ್ಕ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರ ಕ್ವಾಟಿ ಮುಂದ ಸತ್ತ. ಅವನ ಕೈಕೆಳಗಿನ ಇಬ್ಬರು ಸಾಹೇಬ್ರು, ಸ್ಟೀವನ್‌ಸನ್ ಮತ್ತ ವಾಲ್ಟರ್ ಎಲಿಯಟ್, ರಾಣಿ ಚನ್ನಮ್ಮನ ಮಂದಿ ಕೈಗೆ ಸಿಕ್ಕರು. ಡಿಸೆಂಬರ ಬರೂತನಕ ಬಿಡಲಿಲ್ಲ. (ಎಕ್ಸ್‌ಟೆನ್ಶನ್ ಬೇಕಾ ಅಂತ ಅವರನ್ನ ಯಾರೂ ಕೇಳಿದ್ದಿಲ್ಲ.) ಆ ಎಲಿಯಟ್ ಮುಂದ ಕನ್ನಡ ನಾಡಿನ ನೂರಾರು ಶಾಸನಗಳ ನಕಲ ಮಾಡಿಸಿ ಕೂಡಿಟ್ಟ. ಸೆರಿ ಸಿಕ್ಕ ನಾಡಿನ ಕಲ್ಲುಗಳನ್ನ ಹುಡಿಕ್ಕೋತ ತಿರುಗಿದ ಅಂದ್ರ ನೋಡ್ರಿ.

ನಿಮ್ಮ ಮಗನ ದೇಶದಾಗ ಈ ಲೆಕ್ಕ ಉಲ್ಟಾ. ಅಲ್ಲೆ ಮನೀ ಯಜಮಾನ "ಇರ್ರಿ" ಅಂತ ಕೈ ಹಿಡದ ಜಗ್ಗಿದ್ರೂ ನಡಿಯೂದಿಲ್ಲ. ಬಂದ ಬೀಗರ ರೊಕ್ಕಾ ತುಂಬಿ, "ಇರ್ಲೇನ್ರಿ?" ಅಂತ ಸರಕಾರಕ್ಕ ಬರಕೋಬೇಕು. ಹೋಳಿಗಿ ತಿನ್ನಸಾವ್ರು ಒಬ್ರು, ಪರವಾನಗಿ ಕೊಡಾವ್ರು ಮತ್ತೊಬ್ರು.

ಈಗ ಒಂದ ಸಣ್ಣ ಪರೀಕ್ಷೆ. ನಿಮ್ಮ ವೀಸಾ ಎಲ್ಲಿತನಕ ಐತಿ? "ಹತ್ತ ವರ್ಷರೀ!" ಅಂದ್ರಿಲ್ಲೋ? ಗೊತ್ತಿತ್ತು. ಹುಬ್ಬಳ್ಳಿಯೊಳಗ ಪಾಸ್‌ಪೋರ್ಟ್ ಮಾಡಿಸಿ, ಚೆನ್ನೈಗೆ ಇಂಟರ್‌ವ್ಯೂಕ್ಕ ಹೋಗಿ, ಹೊಸಾ ಅಂಗಿ ಇಸ್ತ್ರಿ ಮುರೀದಂಗ ನಿಂತು, ಬಿ-1/ಬಿ-2 ಅನ್ನೂ ವಿಸಿಟರ್ ವೀಸಾದ ಚೀಟಿ ಅಂಟಿಸ್ಕೊಂಡ ಬಂದು ಕಟಿಂಗ್ ಅಂಗಡಿಯಾಂವಗೂ ತೋರಿಸಿದವ್ರು ನೀವು.

ಆ ಹತ್ತ ವರ್ಷ ಬಾಗಲಾ ಬಡಿಯಾಕ, ಅಷ್ಟ. ಒಳಗ ಎಷ್ಟ ದಿನ ಕೂಡ್ರೂದು ಅನ್ನೂದನ್ನ ವಿಮಾನ ಇಳದ ಮ್ಯಾಲೆ ಗಾಜಿನ ಹಿಂದ ಕುಂತ ಅಧಿಕಾರಿ ನಿರ್ಧಾರ ಮಾಡ್ತಾನ. ಅದಕ್ಕ ಐ-94 ಅಂತಾರ, ಸಾಮಾನ್ಯ ಆರ ತಿಂಗಳ ಕೊಡ್ತಾರ. ಮೊದಲ ಪಾಸ್‌ಪೋರ್ಟಿಗೆ ಒಂದ ಬಿಳೀ ಚೀಟಿ ಸಿಗಿಸಿ ಕೊಡ್ತಿದ್ರು. 2013ರಿಂದ ವಿಮಾನದಾಗ ಬಂದವರಿಗೆ ಅದು ಬರೇ ಕಂಪ್ಯೂಟರಿನ್ಯಾಗ. ಕಣ್ಣಿಗೆ ಕಾಣೂದಿಲ್ಲ, ಹಂಗಾಗಿ ನೆಪ್ಪೂ ಇರೂದಿಲ್ಲ.

ಅಲ್ಲಿನ ಗಡಿ ಕಾಯೂ ಇಲಾಖೆ, ಸಿಬಿಪಿ, ಅದರ ವೆಬ್‌ಸೈಟಿನ್ಯಾಗ ಪಾಸ್‌ಪೋರ್ಟ್ ನಂಬರ್ ಹೊಡದ್ರ ನಿಮ್ಮ ತಾರೀಖ ಬರ್ತೈತಿ. ನೋಡೀರೇನು? (ಇಲ್ಲ. ಬೈಲಹೊಂಗಲ ಪ್ಯಾಟ್ಯಾಗ ಹತ್ತಿ ಏನ್ ರೇಟ ನಡದೈತಿ ಅನ್ನೂದನ್ನ ಮಾತ್ರ ಡಲ್ಲಾಸಿನ್ಯಾಗ ಕುಂತು ದಿನಾ ನೋಡೀರಿ.) ಇನ್ನೊಂದು, ಅಲ್ಲಿ ಫಾರ್ಮಿನ್ಯಾಗ ತಿಂಗಳ ಮೊದಲ, ದಿನ ಆಮ್ಯಾಲೆ. 08/05 ಅಂದ್ರ ಆಗಸ್ಟ್ ಐದು. ಮೇ ಎಂಟು ಅಂತ ತಿಳದು ಎದಿ ಒಡಕೋಬ್ಯಾಡ್ರಿ.

"ಇರ್ಲಿ ಬಿಡ್ರಿ, ತಾರೀಖ ಹತ್ರ ಬಂದಾಗ ನೋಡೂಣು" ಅಂದ್ರ್ಯಾ? ಇದ ನೋಡ್ರಿ ನಮ್ಮ ಖಾಯಂ ಜಡ್ಡು. ಕಡೀ ತಾರೀಖು ಅಂದ್ರ ನಮಗ ನಗೀ ಬರ್ತೈತಿ. ಪ್ಯಾನ್-ಆಧಾರ್ ಜೋಡಸೂ ತಾರೀಖ ಮುಂದ ಹೋಗಿ ಹೋಗಿ 2023ರ ಜೂನ್ 30 ಮುಟ್ಟಿತ್ತಿಲ್ಲೋ? ಲೈನ್‌ಮನ್ ಕಂಬ ಏರಿದ ಮ್ಯಾಲೆ ಕರೆಂಟ್ ಬಿಲ್ ತುಂಬಾಕ ಓಡೂ ಮಂದಿ ನಾವು. ಅಲ್ಲಿ ಕಂಬ ಏರೂ ಲೈನ್‌ಮನ್ ನಮ್ಮ ಪರಿಚಯದಾಂವ ಇರೂದಿಲ್ಲ.

ಅರ್ಜಿ ಹೆಸರು ಐ-539. ತಾರೀಖ ಮುಗಿಯೂ 45 ದಿನ ಮೊದಲ ಹಾಕ್ರಿ ಅಂತ ಅವರ ಇಲಾಖೆ, ಯುಎಸ್‌ಸಿಐಎಸ್, ಹೇಳ್ತೈತಿ. ಐ-94 ತಾರೀಖ ದಾಟೂದರೊಳಗರೆ ಅದು ಅವರ ಕೈ ಮುಟ್ಟಬೇಕು. ಅರ್ಜಿ ಹಾಕದ ಒಂದ ದಿನ ಹೆಚ್ಚಿಗಿ ಕುಂತ್ರೂ, ಕಟಿಂಗ್ ಅಂಗಡ್ಯಾಗ ತೋರಿಸಿದ ಆ ಹತ್ತ ವರ್ಷದ ಚೀಟಿ ರದ್ದು. 180 ದಿನ ದಾಟಿ ಕುಂತು ಹೊಳ್ಳಿದ್ರ ಮೂರ ವರ್ಷ, ಒಂದ ವರ್ಷ ಕುಂತ್ರ ಹತ್ತ ವರ್ಷ ಆ ಕಡೆ ತಲಿ ಹಾಕಂಗಿಲ್ಲ. (ಈಗ ನೋಡ್ರಿ, ಮೊಬೈಲಿಗೆ ಕೈ ಹೋತು. ಐ-94 ಹುಡಕಾಕತ್ತೀರಿಲ್ಲೋ?)

ಫೀ ಕೇಳ್ತೀರಿ. 2024ರ ಏಪ್ರಿಲ್ 1ರಿಂದ ಬಂದ ಪಟ್ಟಿ ಪ್ರಕಾರ ಆನ್‌ಲೈನ್ ಹಾಕಿದ್ರ 420 ಡಾಲರ್, ಕಾಗದದ ಮ್ಯಾಲೆ ಹಾಕಿದ್ರ 470. ಗುಣಾಕಾರ ಸುರು ಆತು. ಮೂವತ್ತೈದ ಸಾವಿರದ ಮ್ಯಾಲೆ ಬಂತು. ಅದನ್ನ ಜ್ವಾಳದ ಚೀಲದ ಲೆಕ್ಕಕ್ಕ ತಂದು, ಎದಿ ಮ್ಯಾಲೆ ಕೈ ಇಟಗೊಂಡ್ರಿ. ಮಗನ ಕಾರ್ಡಿನಿಂದ ಹೋಗ್ತೈತಿ ಅಂದ ಮ್ಯಾಲೆ ಕೈ ತಗದ್ರಿ.

ಗಂಡಾ ಹೆಂಡತಿ ಕೂಡಿ ಹಾಕಿದ್ರ ಒಂದ ಫೀ. ಹೆಂಡತಿ ಹೆಸರಿಗೆ ಐ-539ಎ ಅಂತ ಪುರವಣಿ ಹಚ್ಚೂದು, ಅದಕ್ಕ ಬ್ಯಾರೆ ರೊಕ್ಕಿಲ್ಲ. "ಇದೊಂದರಾಗರೆ ನೀ ಫುಕಟ ಆದಿ ನೋಡು" ಅಂತ ಅಡಗೀಮನಿ ಕಡೆ ಹೊಳ್ಳಿ ಹೇಳಾಕ ಹೋಗಬ್ಯಾಡ್ರಿ. ಐದ ತಿಂಗಳಿಂದ ಅಲ್ಲಿ ರೊಟ್ಟಿ ಬಡ್ಯಾಕತ್ತಾಕಿಗೆ ಫುಕಟ ಯಾರು ಅನ್ನೂದು ಚಲೋತಂಗ ಗೊತ್ತೈತಿ.

ಇನ್ನ ಕಾರಣ. ಯಾಕ ಇರ್ತೀರಿ, ಖರ್ಚ ಯಾರದು, ಹೊಳ್ಳಿ ಹೋಗ್ತೀರಿ ಅನ್ನೂದಕ್ಕ ಏನ ಆಧಾರ, ಎಲ್ಲಾ ಬರದು ಅರ್ಜಿ ಜೋಡಿ ಹಚ್ಚಬೇಕು. ನಿಮ್ಮ ಹತ್ರ ಕಾರಣ ಮೂರ ಅದಾವು. ಊರಿಗೆ ಹೇಳಿದ್ದು "ಮಗ ಬಿಡವಲ್ಲ". ಮಗಗ ಹೇಳಿದ್ದು "ನಿಮ್ಮ ಅವ್ವಗ ಇನ್ನೂ ನಯಾಗರಾ ತೋರಿಸಿಲ್ಲಲ್ಲೋ". ಮೂರನೇದ್ದು ಹೊಟ್ಟ್ಯಾಗ ಇಟಗೊಂಡೀರಿ: ದೀಪಾವಳಿಗೆ ಊರಿಗೆ ಹೋದ್ರ ತಮ್ಮ ಹೊಲದ ಪಾಲಿನ ಮಾತ ತಗೀತಾನ.

ಫಾರ್ಮಿನ್ಯಾಗ ಮಾತ್ರ ಖರೇದ್ದ ಬರೀರಿ ಮತ್ತ. ಅಲ್ಲಿ ಸುಳ್ಳ ಬರದದ್ದು ಮುಂದ ಎಲ್ಲಾ ವೀಸಾಕ್ಕೂ ಅಡ್ಡ ಬರ್ತೈತಿ. ನಯಾಗರಾ ಅಂದ್ರ ಯಾವಾಗ, ಹೆಂಗ, ಟಿಕೀಟ ಎಲ್ಲಿ? "ಮಮ್ಮಗನ್ನ ನೋಡಕೊಳ್ಳಾಕ" ಅಂತ ಹೆಮ್ಮೆಲೆ ಬರ್ಯಾಕ ಹೊಂಟ್ರ ಅಧಿಕಾರಿಗೆ ಬ್ಯಾರೆ ಸಂಶೇ ಬರಬಹುದು, ಯಾಕಂದ್ರ ವಿಸಿಟರ್ ಆಗಿ ಬಂದವ್ರು ಕೆಲಸ ಮಾಡಂಗಿಲ್ಲ. (ಕೂಸಿನ ಡೈಪರ್, ಡಿಶ್‌ವಾಶರ್, ಹಿತ್ತಲದಾಗ ಮೆಂತೆ ಮಡಿ. ಅದೆಲ್ಲಾ ಏನ್ರಿ, ಪ್ರವಾಸ?)

ಹೊಳ್ಳಿ ಹೋಗೂದಕ್ಕ ಆಧಾರ ಅಂತ ಹೊಲದ ಉತಾರ ಹಚ್ಚೂಣಂತ ನೀವ ಹುಮ್ಮಸಲೆ ಹೇಳಿದ್ರಿ. ಊರಾಗಿನ ಹುಡುಗ ತಗಸಿ ವಾಟ್ಸ್ಆ್ಯಪ್‌ಗೆ ಹಾಕಿದ. ನೋಡಿದ್ರ ಇನ್ನೂ ತೀರಿಹೋದ ಅಪ್ಪನ ಹೆಸರಿನ್ಯಾಗ ಐತಿ! ವಾರಸಾ ಹಚ್ಚೂದು ಇಪ್ಪತ್ತ ವರ್ಷದಿಂದ "ಮುಂದಿನ ವಾರ". ಅದು ಸರಿ ಇದ್ರೂ ಕನ್ನಡದ ಕಾಗದಕ್ಕ ಇಂಗ್ಲಿಷ್ ಅನುವಾದ ಮಾಡಿ, ಮಾಡಿದವ್ರು ಸಹಿ ಹಾಕಿ ಹಚ್ಚಬೇಕು. "ಮಜಕೂರ"ಕ್ಕ ಇಂಗ್ಲಿಷಿನ್ಯಾಗ ಏನಂತಾರ ಅಂತ ಮಗ ಕೇಳಿದ್ರ ಹೆಂಗ ಹೇಳ್ತೀರಿ?

ಆತು, ಅರ್ಜಿ ಹೋತು, ರಸೀದಿ ಬಂತು. ಆಮ್ಯಾಲೆ ತಿಂಗಳಗಟ್ಟಲೆ ಸುದ್ದಿಲ್ಲ. ಟೈಮಿನ್ಯಾಗ ಹಾಕಿದವ್ರು ಉತ್ತರ ಬರೂತನಕ ಇರಬಹುದು. ಆಗೂದಿಲ್ಲ ಅಂತ ಬಂತಂದ್ರ ತಡಾ ಮಾಡದ ಚೀಲ ಕಟ್ಟಬೇಕು. ಭಾಳ ಮಂದಿಗೆ ಊರ ಸೇರಿ, ಬಸ್‌ಸ್ಟ್ಯಾಂಡ್ ಮುಂದ ಮಿರ್ಚಿ ತಿನ್ನೂವಾಗ ಉತ್ತರ ಬರ್ತೈತಿ. ರಸೀದಿ ಮಾತ್ರ ಜ್ವಾಪಾನ. ಮುಂದಿನ ಸಲ ಗಾಜಿನ ಹಿಂದಿನಾಂವ "ಹ್ವಾದ ಸಲ ಒಂಬತ್ತ ತಿಂಗಳ ಏನ ಮಾಡಿದ್ರಿ?" ಅಂದ್ರ ಮಗನ ಕಡೆ ನೋಡಾಕ ಬರೂದಿಲ್ಲ, ಅಂವ ಹೊರಗ ಪಾರ್ಕಿಂಗಿನ್ಯಾಗ ನಿಂತಿರ್ತಾನ.

ಬ್ಯಾರೆ ದೇಶದಾಗ ಮಕ್ಕಳಿದ್ದವ್ರು ಭಾಳ ನಗಬ್ಯಾಡ್ರಿ. ಜರ್ಮನಿ, ಫ್ರಾನ್ಸ್ ಕಡೆ ಷೆಂಗೆನ್ ಲೆಕ್ಕ: 180 ದಿನದಾಗ 90, ದವಾಖಾನಿಯಂಥಾ ದೊಡ್ಡ ಅಡಚಣಿ ಇಲ್ಲದ ಮುಂದ ಹೋಗೂದಿಲ್ಲ. ಆಸ್ಟ್ರೇಲಿಯಾದವ್ರು ಕೆಲವರ ವೀಸಾಕ್ಕ 8503 ಅಂತ ನಂಬರ್ ಹಾಕಿ, ಇಲ್ಲೆ ಕುಂತು ಮತ್ತ ಕೇಳಬ್ಯಾಡ್ರಿ ಅಂತಾರ. ಕೆನಡಾದ ಸೂಪರ್ ವೀಸಾ ಮಾತ್ರ ನಮ್ಮ ರಾಮದುರ್ಗದವ್ರು ಕುಂತ ಮಾಡಿದಂಗೈತಿ. 2022ರ ಜುಲೈ 4ರಿಂದ ಅಪ್ಪ-ಅವ್ವ ಒಮ್ಮೆ ಬಂದ್ರ ಐದ ವರ್ಷ! (ಮೆಲ್ಲಕ ಓದ್ರಿ, ಮನ್ಯಾಗ ಎಲ್ಲಾರೂ ಅದಾರ.)

ಆದ್ರ ನೀವು ಇರೂದೋ ಬಿಡೂದೋ ಅನ್ನೂದನ್ನ ಕಡೀಕ ನಿರ್ಧಾರ ಮಾಡೂದು ಗುಳಗಿ ಡಬ್ಬಿ. ಬಿಪಿ, ಶುಗರ್ ಗುಳಗಿ ಆರ ತಿಂಗಳಕ್ಕ ಎಣಿಸಿ ತಂದೀರಿ. ಬೈಲಹೊಂಗಲದ ಡಾಕ್ಟರ್ ಚೀಟಿ ಅಲ್ಲಿ ಔಷಧ ಅಂಗಡ್ಯಾಗ ನಡಿಯೂದಿಲ್ಲ. ಮೊದಲಿಂದ ಇದ್ದ ಜಡ್ಡಿಗೆ ವಿಸಿಟರ್ ಇನ್ಶೂರನ್ಸಿನವ್ರು ಸಾಮಾನ್ಯ ಕೈ ಎತ್ತತಾರ. ನೀವು ರಿಟೈರ್ಡ್ ಮಾಸ್ತರಾದ್ರ ನವೆಂಬರದಾಗ ಲೈಫ್ ಸರ್ಟಿಫಿಕೇಟ್ ಬ್ಯಾರೆ. ದಿನಾ ಐದ ಗ್ರೂಪಿಗೆ ಗುಡ್ ಮಾರ್ನಿಂಗ್ ಹಾಕ್ತೀರಿ ಖರೆ, ಅದನ್ನ ನೋಡಿ ನೀವು ಬದುಕೀರಿ ಅಂತ ಪೆನ್ಶನ್ ಕೊಡಾವ್ರು ಒಪ್ಪೂದಿಲ್ಲ.

ಇಷ್ಟೆಲ್ಲಾ ತ್ರಾಸ ಐತಿ ಅಂತ ಗೊತ್ತಿದ್ರೂ ಯಾಕ ಕೆಮ್ಮಿದ್ರಿ? ಕಟ್ಟಿ ಇಲ್ಲ, ಕೂಡ್ರಾಕ ಮಂದಿ ಇಲ್ಲ, ಸಂಜೀಮುಂದ ಕಾಲೊನಿಯೊಳಗ ಒಬ್ರ ತಿರಗಾಡಿ ಯಾರದೋ ನಾಯಿಗೆ ಕನ್ನಡದಾಗ ಬೈದು ಬರ್ತೀರಿ. ಜುಲೈ ನಾಲ್ಕರ ಸುತ್ತ ವೀರಶೈವ ಸಮಾಜದ ಸಮ್ಮೇಳನಕ್ಕ ಮಗ ಕರಕೊಂಡ ಹೋದಾಗ ಮುರಗೋಡದ ಕಡೆಯವ್ರು ಸಿಕ್ಕರಂತ ಊಟಾ ಬಿಟ್ಟು ಎರಡ ತಾಸ ಮಾತಾಡಿದ್ರಿ. ಆಮ್ಯಾಲೆ ಮತ್ತ ಅದ ಸೋಫಾ, ಅದ ಟಿವಿ.

ನಾ ಹೇಳ್ಲೇನು? ಡೇ-ಕೇರಿಗೆ ತಿಂಗಳಕ್ಕ ಎಷ್ಟ ಡಾಲರ್ ಅನ್ನೂದು ನಿಮ್ಮ ಕಿವಿಗೆ ಬಿದ್ದ ದಿನಾನ ನಿಮ್ಮ ಕಿಮ್ಮತ್ತು ನಿಮಗ ತಿಳೀತು. ಅವತ್ತಿಂದ ಬೆನ್ನ ನೆಟ್ಟಗ ಮಾಡಿ ನಡ್ಯಾಕತ್ತೀರಿ. ಊರಾಗ ಪೇಪರ್ ಓದಿ ಮಡಚಿ ಇಟ್ರ ದಿನಾ ಮುಗೀತಿತ್ತು. ಇಲ್ಲೆ ಮುಂಜಾನೆ ಏಳಕ್ಕ "ಅಜ್ಜಾ, ಶೂ ಲೇಸ್" ಅಂತ ಒಂದ ಕಾಲ ಮುಂದ ಬರ್ತೈತಿ. ಹಿಂಗ ಬೇಕಾಗೂದು ನಿಮಗ ರುಚಿ ಹತ್ತೈತಿ. ಫಾರ್ಮಿನ್ಯಾಗ ಅದಕ್ಕ ಖಾನೆ ಇಲ್ಲ, ಅದಕ್ಕ ನಯಾಗರಾ ಅಂತೀರಿ.

ಹಾಕ್ರಿ, ಅರ್ಜಿ ಹಾಕ್ರಿ, ಯಾರು ಬ್ಯಾಡ ಅಂದಾರ? ಮಗನ್ನ ಕೇಳೀರಿ, ಹೆಂಡತೀನ್ನ ಕೇಳೀರಿ, ಊರಾಗ ಕೀಲಿ ಇಟಗೊಂಡ ಬಾಜೂ ಮನಿಯವರಿಗೂ ಹೇಳೀರಿ. ಯುಎಸ್‌ಸಿಐಎಸ್‌ಗೆ 420 ಡಾಲರ್ ತುಂಬಿ ಕೇಳಾಕ ತಯಾರದೀರಿ. ಅಲ್ರೀ, ಮ್ಯಾಲಿನ ಖೋಲ್ಯಾಗ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡ ಆಫೀಸ್ ಕೆಲಸಾ ಮಾಡಾಕತ್ತಾಳಲ್ಲ, ಆ ಸೊಸೀನ್ನ ಯಾರರೆ ಕೇಳಿದ್ರ್ಯಾ?